ಜಿಟಿ3, ಜಿಟಿ2, ಜಿಟಿ4, ಇಲ್ಲಾ ಟಿಸಿ: 40 ನಿಮಿಷದ ರೇಸಿಗೆ ಯಾವ ಕ್ಲಾಸ್ ಆರಿಸಬೇಕು?

ಟ್ರ್ಯಾಕ್ ಡೇ (ರೇಸ್ ಇಲ್ಲದೆ ಟ್ರ್ಯಾಕಿನಲ್ಲಿ ಸುಮ್ಮನೆ ಓಡಿಸುವ ದಿನ), ಕ್ಲಬ್ ರೇಸ್ ಅಂತ ಕೆಲವು ವರ್ಷ ಓಡಿಸಿ, ಇನ್ನು ದೊಡ್ಡ ಸರಣಿಗೆ ಇಳಿಯೋಣ ಅಂತ ಹೊರಟವರೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳುತ್ತಾರೆ. ಜಿಟಿ3 ಕೊಳ್ಳಲಾ, ಜಿಟಿ4 ಸಾಕಾ? ಜಿಟಿ2 ಅಂತ ಇನ್ನೊಂದು ಇದೆಯಲ್ಲ, ಅದು ಯಾರಿಗೆ? ದುಡ್ಡು ಕಮ್ಮಿ ಅಂತ ಟಿಸಿಎಯಿಂದ ಶುರು ಮಾಡಿದರೆ ಎರಡು ವರ್ಷ ಸುಮ್ನೆ ಹೋಗುತ್ತಾ? (ಜಿಟಿ ಅಂದರೆ ಸ್ಪೋರ್ಟ್ಸ್ ಕಾರಿನಿಂದ ಮಾಡಿದ ರೇಸ್ ಕಾರು. ಟಿಸಿ ಅಂದರೆ ಟೂರಿಂಗ್ ಕಾರು, ಸಾಮಾನ್ಯ ರಸ್ತೆ ಕಾರಿನಿಂದ ಮಾಡಿದ್ದು; ಅದರಲ್ಲಿ ಕೆಳಗಿನ ಕ್ಲಾಸ್ ಟಿಸಿಎ.)

ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಆದರೆ ಅಳೆಯುವ ಕೋಲು ಎಲ್ಲರಿಗೂ ಒಂದೇ. ಅದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಒಂದೊಂದೇ ಕ್ಲಾಸ್ ನೋಡೋಣ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಅಮೆರಿಕದ ಎಸ್‌ಆರ್‌ಒ ಸರಣಿಗಳನ್ನೇ (ಜಿಟಿ ರೇಸ್ ನಡೆಸುವ ಸಂಸ್ಥೆ ಅದು) ಇಟ್ಟುಕೊಳ್ಳುತ್ತೇನೆ. ಹಲವು ಕ್ಲಾಸ್‌ಗಳನ್ನು ಒಟ್ಟಿಗೆ ಬಿಟ್ಟು ಚಿಕ್ಕ ರೇಸ್ ಓಡಿಸುವುದು ಅಲ್ಲಿ ಹಳೆಯ ಪದ್ಧತಿ. 1990ರಲ್ಲಿ ವರ್ಲ್ಡ್ ಚಾಲೆಂಜ್ ಅಂತ ಶುರುವಾಗಿ, ಆಮೇಲೆ ಪಿರೆಲಿ ವರ್ಲ್ಡ್ ಚಾಲೆಂಜ್ ಆಗಿ, ಈಗ ಎಸ್‌ಆರ್‌ಒ ಕೈಯಲ್ಲಿ ಹಲವು ಸರಣಿಗಳಾಗಿ ಒಡೆದಿದೆ. (ಟಿಸಿಬಿ ಅಂತ ಒಂದು ಕ್ಲಾಸ್ ಇತ್ತು. ಫಿಯಾಟ್ 500, ಹೋಂಡಾ ಫಿಟ್‌ನಂಥ ಪುಟಾಣಿ ಕಾರುಗಳು ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಓಡುತ್ತಿದ್ದವು. ಅದು ಹೋಗಿದ್ದು ನನಗೆ ಇವತ್ತಿಗೂ ಬೇಜಾರು.)

ನಮಗೆ ಮುಖ್ಯವಾಗಿ ಬೇಕಾದದ್ದು ಎರಡು ಗ್ರಿಡ್, ಅಂದರೆ ಒಟ್ಟಿಗೆ ಓಡುವ ಕಾರುಗಳ ಗುಂಪು. ಒಂದು 2021ರಲ್ಲಿ ಶುರುವಾದ ಜಿಟಿ ಅಮೆರಿಕ. ಒಬ್ಬನೇ ಡ್ರೈವರ್, 40 ನಿಮಿಷ, ಪಿಟ್ ಸ್ಟಾಪ್ ಇಲ್ಲ. ಅದರಲ್ಲಿ ಜಿಟಿ3 ಕಾರುಗಳು ಎಸ್‌ಆರ್‌ಒ3 ಅನ್ನುವ ಹೆಸರಿನಲ್ಲಿ ಓಡುತ್ತವೆ, ಜೊತೆಗೆ ಜಿಟಿ2 ಮತ್ತು ಜಿಟಿ4. ಇನ್ನೊಂದು ಟಿಸಿ ಅಮೆರಿಕ. ಅದೂ 40 ನಿಮಿಷ, ಅದೂ ಒಬ್ಬನೇ. ಕ್ಲಾಸ್‌ಗಳು ಟಿಸಿಎಕ್ಸ್, ಟಿಸಿ, ಟಿಸಿಎ. ಇವಲ್ಲದೆ ಜಿಟಿ4 ಕಾರುಗಳಿಗೇ ಮೀಸಲಾದ ಜಿಟಿ4 ಅಮೆರಿಕ ಇದೆ, ಇಬ್ಬರು ಡ್ರೈವರ್, ಒಂದು ಗಂಟೆಯ ರೇಸ್. ನಿಯಮಗಳು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ಕಾರಿಗೆ ಅಡ್ವಾನ್ಸ್ ಕೊಡುವ ಮುಂಚೆ ಆ ವರ್ಷದ ನಿಯಮಪುಸ್ತಕ ಓದಿ.

ಅಳೆಯುವುದು ಹೇಗೆ

ಮೊದಲನೆಯದು ದುಡ್ಡು. ಎಲ್ಲರೂ ಕಾರಿನ ಬೆಲೆ ನೋಡುತ್ತಾರೆ. ನೋಡಬೇಕಾದದ್ದು ಒಂದು ವೀಕೆಂಡಿನ ಖರ್ಚು. ಕಾರನ್ನು ಎರಡು ವರ್ಷ ಬಿಟ್ಟು ಮಾರಬಹುದು, ಅರ್ಧಕ್ಕರ್ಧ ದುಡ್ಡಾದರೂ ವಾಪಸ್ ಬರಬಹುದು. ಟೈರು, ಬ್ರೇಕ್ ಪ್ಯಾಡ್, ಡಿಸ್ಕ್, ಪೆಟ್ರೋಲು, ಮೆಕ್ಯಾನಿಕ್‌ಗಳ ಸಂಬಳ, ಅವರ ಹೋಟೆಲು, ಕಾರು ಸಾಗಿಸುವ ಲಾರಿ, ಎಂಟ್ರಿ ಫೀ ಇವುಗಳಿಗೆ ಹೋದದ್ದು ಹೋಯಿತು ಅಷ್ಟೇ. ಇದರ ಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಲೆಕ್ಕ ಇದೆ. ರೇಸ್ ಕಾರಿನ ಎಂಜಿನ್ನಿಗೆ ಇಷ್ಟು ಗಂಟೆ ಓಡಿದ ಮೇಲೆ ಬಿಚ್ಚಿ ಜೋಡಿಸಲೇಬೇಕು ಅಂತ ಇರುತ್ತದೆ. ಆ ದುಡ್ಡನ್ನು ಗಂಟೆಗೆ ಇಷ್ಟು ಅಂತ ಭಾಗಿಸಿ ಪ್ರತಿ ಟೆಸ್ಟಿಗೂ, ಪ್ರತಿ ರೇಸಿಗೂ ಸೇರಿಸಿಕೊಳ್ಳಬೇಕು. ಇದನ್ನು ಬಿಟ್ಟು ಬಜೆಟ್ ಹಾಕುವವರು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವ ಸ್ಥಿತಿಗೆ ಬರುತ್ತಾರೆ. ಕಾರು ಲಾರಿಯಲ್ಲೇ ನಿಂತಿರುತ್ತದೆ, ಟೈರಿಗೆ ದುಡ್ಡಿಲ್ಲ.

ಎರಡನೆಯದು, ವರ್ಷಕ್ಕೆ ನೀವು ಎಷ್ಟು ದಿನ ಓಡಿಸುತ್ತೀರಿ. ರೇಸ್ ವೀಕೆಂಡ್ ಅಷ್ಟೇನಾ, ಅದರ ನಡುವೆ ಟೆಸ್ಟಿಂಗ್ ಕೂಡ ಇದೆಯಾ? ಇದು ದುಡ್ಡಿಗಿಂತ ಮುಖ್ಯ ಅಂತ ನನಗನಿಸುತ್ತದೆ. ಕೆಲಸ, ಮನೆ ಅಂತ ಇದ್ದು ವರ್ಷಕ್ಕೆ ಹತ್ತು ಹನ್ನೆರಡು ದಿನ ಮಾತ್ರ ಸೀಟಿಗೆ ಬರುವವರಿಗೂ, ತಿಂಗಳಿಗೆ ಎರಡು ಸಲ ಟೆಸ್ಟ್ ಮಾಡುವವರಿಗೂ ಒಂದೇ ಕಾರು ಹೊಂದುವುದಿಲ್ಲ.

ಮೂರನೆಯದು, ನಿಮ್ಮ ಕ್ಲಾಸಿನಲ್ಲಿ ಎಷ್ಟು ಕಾರು ಬರುತ್ತವೆ, ಅವನ್ನು ಓಡಿಸುವವರು ಯಾರು. ನಿಮ್ಮ ಮುಂದೆ ಎರಡು, ಹಿಂದೆ ಎರಡು ಕಾರು ನಿಮ್ಮದೇ ವೇಗದಲ್ಲಿ ಇದ್ದರೆ ಅದು ರೇಸ್. ಒಬ್ಬರೇ ಸುತ್ತುತ್ತಿದ್ದರೆ ತುಂಬಾ ದುಬಾರಿಯ ಟ್ರ್ಯಾಕ್ ಡೇ.

ನಾಲ್ಕನೆಯದು ಟ್ರಾಫಿಕ್. ನೀವು ಹಿಂದೆ ಹಾಕುವವರೋ, ಹಾಕಿಸಿಕೊಳ್ಳುವವರೋ? ಹಲವು ಕ್ಲಾಸ್ ಇರುವ ಕಡೆ ಇದೇ ಅರ್ಧ ರೇಸ್. ಅದರ ಬಗ್ಗೆ ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಇನ್ನು ಮಾರುವಾಗ ಕೊಳ್ಳುವವರು ಸಿಗುತ್ತಾರಾ, ಅದೇ ಕಾರು ಬೇರೆ ಯಾವ ಸರಣಿಯಲ್ಲಿ ನಡೆಯುತ್ತದೆ, ಗುದ್ದಿದರೆ ಬಿಡಿಭಾಗ ರಾತ್ರಿಯೊಳಗೆ ಬರುತ್ತಾ. ಇವನ್ನೆಲ್ಲ ಆಯಾ ಕ್ಲಾಸಿನ ಜೊತೆಗೇ ಹೇಳುತ್ತೇನೆ.

ಒಂದನ್ನು ಮಾತ್ರ ಪಟ್ಟಿಯಿಂದ ತೆಗೆದುಹಾಕಿ: ಕ್ಲಾಸಿನೊಳಗೆ ಅತಿ ವೇಗದ ಕಾರು ಯಾವುದು ಅನ್ನುವ ಪ್ರಶ್ನೆ. ಜಿಟಿ ಕ್ಲಾಸ್‌ಗಳೆಲ್ಲ ಬಿಒಪಿ (ಕಾರುಗಳನ್ನು ಸಮಬಲ ಮಾಡುವ ನಿಯಮ) ಮೇಲೆ ನಡೆಯುತ್ತವೆ. ಯಾವ ಕಾರು ಜಾಸ್ತಿ ಓಡುತ್ತಿದೆಯೋ ಅದಕ್ಕೆ ತೂಕ ಸೇರಿಸುತ್ತಾರೆ, ಟರ್ಬೊ ಬೂಸ್ಟ್ ಇಳಿಸುತ್ತಾರೆ, ಎಂಜಿನ್ನಿಗೆ ಹೋಗುವ ಗಾಳಿ ಕಟ್ಟುತ್ತಾರೆ. ಈ ವರ್ಷದ ಹುಲಿ ಮುಂದಿನ ವರ್ಷ ಇಲಿ ಆಗಬಹುದು. ಹಾಗಾಗಿ ಕ್ಲಾಸ್ ಆರಿಸಿ, ಆಮೇಲೆ ಆ ಕ್ಲಾಸಿನಲ್ಲಿ ಓಡಿಸಲು ಸುಲಭವಾದ, ಬಿಡಿಭಾಗ ಸಿಗುವ ಕಾರು ಆರಿಸಿ.

ಜಿಟಿ3: ನಿಧಾನ ಹೋದಷ್ಟೂ ಕಷ್ಟ

2006ರಲ್ಲಿ ಸ್ಟೆಫಾನ್ ರಾಟೆಲ್ ಅವರ ಎಸ್‌ಆರ್‌ಒ ಜಿಟಿ3 ಹುಟ್ಟುಹಾಕಿದ್ದು ದುಡ್ಡಿರುವ ಹವ್ಯಾಸಿ ಡ್ರೈವರ್‌ಗಳಿಗಾಗಿ. ಇವತ್ತು ಅದು ಫ್ರಾನ್ಸಿನ ಲೆಮಾನ್ 24 ಗಂಟೆ ರೇಸಿನವರೆಗೂ ಹೋಗಿದೆ. ಕಾರು ಕಂಪನಿಗಳು ಇಡೀ ತಂಡ ಇಟ್ಟು ಇದನ್ನು ತಿದ್ದಿ ತೀಡುತ್ತವೆ. ಬೆಲೆಯೂ ಜೊತೆಗೇ ಏರಿದೆ. ಪೋರ್ಶೆ 911 ಜಿಟಿ3 ಆರ್ 2022ರಲ್ಲಿ ಬಂದ ಮಾದರಿ ಅಮೆರಿಕದಲ್ಲಿ ಬಿಡುಗಡೆಯಾದಾಗ 5,67,000 ಡಾಲರ್. ಷೆವರ್ಲೆ ಕಾರ್ವೆಟ್ ಝಡ್06 ಜಿಟಿ3.ಆರ್ ಬಂದಾಗ 7,35,000 ಡಾಲರ್. ಇದು ಬರೀ ಕಾರು. ಬಿಡಿ ಚಕ್ರ, ಬಿಡಿ ಮೂತಿ, ಬಿಡಿ ಸಸ್ಪೆನ್ಷನ್ ಸೆಟ್ ಎಲ್ಲ ಬೇರೆ.

ಕಾಗದದ ಮೇಲೆ ನೋಡಿದರೆ ಆಶ್ಚರ್ಯ ಆಗುತ್ತದೆ. ಆ ಪೋರ್ಶೆಯ 4.2 ಲೀಟರ್ ಎಂಜಿನ್ ಕೊಡುವುದು 565 ಎಚ್‌ಪಿವರೆಗೆ. ಅದೇ ಕಂಪನಿಯ ಜಿಟಿ4 ಕಾರು, 718 ಕೇಮನ್ ಜಿಟಿ4 ಆರ್‌ಎಸ್ ಕ್ಲಬ್‌ಸ್ಪೋರ್ಟ್, ಸುಮಾರು 500 ಕೊಡುತ್ತದೆ. ಇಷ್ಟೇನಾ ವ್ಯತ್ಯಾಸ? ಎಂಜಿನ್ನಿನಲ್ಲಿ ಇಷ್ಟೇ. ಉಳಿದದ್ದು ರೆಕ್ಕೆಯಲ್ಲಿ, ಕಾರಿನ ಹೊಟ್ಟೆಯ ಕೆಳಗೆ, ಮೂತಿಯ ಕೆಳಗಿನ ಸ್ಪ್ಲಿಟರ್ ತಟ್ಟೆಯಲ್ಲಿ ಇದೆ. ಜಿಟಿ3 ಕಾರನ್ನು ಗಾಳಿ ನೆಲಕ್ಕೆ ಒತ್ತುತ್ತದೆ. ವೇಗ ಜಾಸ್ತಿ ಆದಷ್ಟೂ ಒತ್ತಡ ಜಾಸ್ತಿ, ಹಿಡಿತ ಜಾಸ್ತಿ.

ಹೊಸಬರು ಎಡವುವುದು ಇಲ್ಲೇ. ವೇಗದ ತಿರುವಿಗೆ ಸ್ವಲ್ಪ ಹೆದರಿ ನಿಧಾನ ಹೋದರೆ ಗಾಳಿಯ ಒತ್ತಡ ಕಮ್ಮಿ. ಒತ್ತಡ ಕಮ್ಮಿ ಆದರೆ ಟೈರು ಬಿಸಿ ಆಗುವುದಿಲ್ಲ, ಕಾರು ಜಾರಿದ ಹಾಗೆ ಅನಿಸುತ್ತದೆ. ಜಾರಿತು ಅಂತ ಇನ್ನೂ ನಿಧಾನ ಹೋಗುತ್ತಾರೆ. ಬ್ರೇಕಿನದೂ ಇದೇ ಕಥೆ. ದೊಡ್ಡ ಸ್ಟ್ರೇಟ್ ಕೊನೆಯಲ್ಲಿ ಪೆಡಲನ್ನು ಮೊದಲೇ ಪೂರ್ತಿ ಬಲ ಹಾಕಿ ತುಳಿಯಬೇಕು, ಆಗ ಕಾರಿನ ಮೇಲೆ ಒತ್ತಡ ಅತಿ ಹೆಚ್ಚು. ವೇಗ ಇಳಿದ ಹಾಗೆ ಕಾಲಿನ ಬಲವನ್ನೂ ಇಳಿಸುತ್ತಾ ಬರಬೇಕು. ರಸ್ತೆ ಕಾರಿನಲ್ಲಿ ನಾವು ಮಾಡುವುದು ಪೂರಾ ಉಲ್ಟಾ, ಮೆಲ್ಲಗೆ ಶುರು ಮಾಡಿ ಕೊನೆಗೆ ಒತ್ತುತ್ತೇವೆ. ಈ ಅಭ್ಯಾಸ ತಿರುಗಿಸಲು ಕೋಚ್ ಬೇಕು, ಡೇಟಾ ನೋಡಬೇಕು, ತುಂಬಾ ಲ್ಯಾಪ್ ಬೇಕು.

ಹಾಗಂತ ಜಿಟಿ3 ಅಪಾಯದ ಕಾರು ಅಂತಲ್ಲ. ಎಬಿಎಸ್ ಇದೆ, ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಎರಡನ್ನೂ ಸ್ಟೀರಿಂಗ್ ಮೇಲಿನ ಗುಂಡಿಯಲ್ಲೇ ಏರಿಸಿ ಇಳಿಸಬಹುದು. ಮಿತಿಯಿಂದ ಐದು ಸೆಕೆಂಡ್ ಹಿಂದೆ ಓಡಿಸುವುದು ಸುಲಭ. ಕೊನೆಯ ಎರಡು ಸೆಕೆಂಡ್ ಮಾತ್ರ ಬಲು ದುಬಾರಿ.

ಜಿಟಿ3 ಕೊಂಡರೆ ಒಂದು ದೊಡ್ಡ ಅನುಕೂಲ ಇದೆ. ಅದೇ ಕಾರು ಜಿಟಿ ವರ್ಲ್ಡ್ ಚಾಲೆಂಜ್‌ನಲ್ಲಿ ನಡೆಯುತ್ತದೆ, ಇಮ್ಸಾ ಅನ್ನುವ ಅಮೆರಿಕದ ಇನ್ನೊಂದು ರೇಸ್ ಸಂಸ್ಥೆಯ ಜಿಟಿಡಿ ಕ್ಲಾಸಿನಲ್ಲಿ ನಡೆಯುತ್ತದೆ, ಯುರೋಪು, ಏಷ್ಯಾ ಎಲ್ಲ ಕಡೆ ನಡೆಯುತ್ತದೆ. ಮಾರಲು ಹೊರಟರೆ ಕೊಳ್ಳುವವರು ಸಿಗುತ್ತಾರೆ. ಆದರೆ ಹೊಸ ಮಾದರಿ ಅಥವಾ ಇವೊ ಕಿಟ್ (ಇರುವ ಕಾರನ್ನು ಸುಧಾರಿಸುವ ಭಾಗಗಳು) ಬಂದ ದಿನ ಹಳೆಯದರ ಬೆಲೆ ಧಪ್ ಅಂತ ಬೀಳುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ಹಳೆ ಕಾರು ಕೊಳ್ಳುವವರು ಕಂಪನಿ ಇನ್ನೂ ಆ ಕಾರಿನ ಹಿಂದೆ ಇದೆಯಾ ಅಂತ ನೋಡಬೇಕು. ಆಡಿ ಆರ್8 ಉತ್ಪಾದನೆ 2024ರಲ್ಲೇ ನಿಂತಿತು. ಕಾರು ಒಳ್ಳೆಯದೇ, ಹೊಸಬರಿಗೆ ಹೊಂದುವ ಕಾರು ಕೂಡ. ಆದರೆ ಇನ್ನು ಎಷ್ಟು ವರ್ಷ ಬಿಡಿಭಾಗ ಸಿಗುತ್ತದೆ ಅಂತ ಬರಹದಲ್ಲಿ ಕೇಳಿ ತಗೊಳ್ಳಿ.

ಜಿಟಿ4: ಬಹುಪಾಲು ಜನಕ್ಕೆ ನನ್ನ ಉತ್ತರ

ಜಿಟಿ4 ಬಂದದ್ದು 2007ರಲ್ಲಿ, ಜಿಟಿ3 ಆದ ಮರುವರ್ಷ. ರಸ್ತೆ ಕಾರಿಗೆ ಹತ್ತಿರ ಇರಲಿ, ಖರ್ಚು ಹಿಡಿತದಲ್ಲಿರಲಿ ಅನ್ನುವುದು ಇದರ ಉದ್ದೇಶ. ಮೇಲೆ ಹೇಳಿದ ಕೇಮನ್ ಕ್ಲಬ್‌ಸ್ಪೋರ್ಟ್ ಅಮೆರಿಕಕ್ಕೆ ಬಂದಾಗ 2,29,000 ಡಾಲರ್. ಅಂದರೆ ಅದೇ ಕಂಪನಿಯ ಜಿಟಿ3ಕ್ಕೆ ಕೊಡುವ ದುಡ್ಡಿನಲ್ಲಿ ಇದನ್ನು ಎರಡು ಕೊಂಡು ಮೇಲೆ ಒಂದು ಲಕ್ಷ ಡಾಲರ್ ಉಳಿಸಬಹುದು. ಆ ಉಳಿಕೆಯಲ್ಲಿ ಎಷ್ಟು ಟೈರು, ಎಷ್ಟು ಟೆಸ್ಟ್ ದಿನ ಬರುತ್ತವೆ ಅಂತ ಲೆಕ್ಕ ಹಾಕಿ.

ರಸ್ತೆ ಕಾರಿಗೆ ಹತ್ತಿರ ಅನ್ನುವುದು ಬಾಯಿಮಾತಲ್ಲ. ಈ ಕೇಮನ್‌ನಲ್ಲಿ ಇರುವುದು ರಸ್ತೆ ಕಾರಿನ ಪಿಡಿಕೆ, ಅಂದರೆ ಪೋರ್ಶೆಯ ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಬಿಎಂಡಬ್ಲ್ಯೂ ಎಂ4 ಜಿಟಿ4ನಲ್ಲಿ ಇರುವುದು ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಜಿಟಿ3ರ ರೇಸಿಂಗ್ ಗೇರ್‌ಬಾಕ್ಸನ್ನು ಆಗಾಗ ಬಿಚ್ಚಿ ಹಲ್ಲು ನೋಡುತ್ತಿರಬೇಕು. ಇವು ಅಷ್ಟು ಕಾಟ ಕೊಡುವುದಿಲ್ಲ. ಗಂಟೆಗೆ ಬೀಳುವ ಖರ್ಚು ಇಳಿಯುವುದು ಇಂಥ ಕಡೆಗಳಲ್ಲೇ.

ಓಡಿಸುವುದರಲ್ಲೂ ಒಂದು ನೇರತನ ಇದೆ. ರೆಕ್ಕೆ ಇದ್ದರೂ ಅದರ ಪಾಲು ಕಮ್ಮಿ. ಹಿಡಿತವೆಲ್ಲ ಟೈರು, ಸಸ್ಪೆನ್ಷನ್, ನಿಮ್ಮ ಕೈಕಾಲಿನದು. ತೂಕವನ್ನು ಮುಂದಕ್ಕೆ ಹಿಂದಕ್ಕೆ ಸಾಗಿಸುವುದು, ಬ್ರೇಕನ್ನು ತಿರುವಿನೊಳಗೂ ಸ್ವಲ್ಪ ಹಿಡಿದಿಡುವುದು, ಥ್ರಾಟಲ್‌ಗೆ ಕಾಯುವುದು, ಇವನ್ನೆಲ್ಲ ಕಾರೇ ಕಲಿಸುತ್ತದೆ. ತಪ್ಪು ಮಾಡಿದರೆ ತಕ್ಷಣ ಸೊಂಟಕ್ಕೆ ಗೊತ್ತಾಗುತ್ತದೆ. ಜಿಟಿ3ನಲ್ಲಿ ಗೊತ್ತಾಗುವಷ್ಟರಲ್ಲಿ ಗೋಡೆ ಹತ್ತಿರ ಬಂದಿರುತ್ತದೆ.

ಈಗ ಇದರ ಕೆಟ್ಟ ಬದಿ. ಜಿಟಿ ಅಮೆರಿಕದ ಗ್ರಿಡ್‌ನಲ್ಲಿ ಜಿಟಿ4 ಅಂದರೆ ಕೊನೆಯ ಕ್ಲಾಸ್. ಕನ್ನಡಿಯಲ್ಲಿ ಯಾವಾಗಲೂ ಯಾರೋ ಇರುತ್ತಾರೆ. ಇದು ಆಗಲ್ಲ ಅನ್ನುವವರಿಗೆ ಜಿಟಿ4 ಅಮೆರಿಕ ಇದೆ, ಅಲ್ಲಿ ಎಲ್ಲರದೂ ಜಿಟಿ4 ಕಾರೇ. ಆದರೆ ಇಬ್ಬರು ಡ್ರೈವರ್. ಖರ್ಚು ಹಂಚಿಕೊಂಡರೆ ಅರ್ಧ, ಸರಿ. ಓಡಿಸುವ ಸಮಯವೂ ಅರ್ಧ. ಪ್ರೊ-ಆ್ಯಮ್‌ಗೆ (ಒಬ್ಬ ವೃತ್ತಿಪರ, ಒಬ್ಬ ಹವ್ಯಾಸಿ) ಹೋದರೆ ಸಾಮಾನ್ಯವಾಗಿ ಇನ್ನೊಂದು ಸೀಟಿನ ಪ್ರೊ ಡ್ರೈವರ್‌ಗೂ ನೀವೇ ಸಂಬಳ ಕೊಡಬೇಕು. ಆಗ ಖರ್ಚು ಪೂರ್ತಿ ನಿಮ್ಮದು, ಸೀಟಿನಲ್ಲಿ ಕೂರುವುದು ಅರ್ಧ ರೇಸ್. ಲಾಭ ಏನಪ್ಪಾ ಅಂದರೆ, ನಿಮ್ಮದೇ ಕಾರಿನಲ್ಲಿ, ನಿಮ್ಮದೇ ಸೆಟಪ್‌ನಲ್ಲಿ ಒಬ್ಬ ನುರಿತವನ ಡೇಟಾ ಸಿಗುತ್ತದೆ. ಗ್ರಾಫಿನಲ್ಲಿ ನಿಮ್ಮ ಗೆರೆಯನ್ನು ಅವನ ಗೆರೆಯ ಮೇಲೆ ಇಟ್ಟು ನೋಡಿದರೆ ಯಾವ ತಿರುವಿನಲ್ಲಿ ಎಷ್ಟು ಹೋಯಿತು ಅಂತ ಕಣ್ಣಿಗೆ ಹೊಡೆಯುತ್ತದೆ. ಮೊದಲ ವರ್ಷಕ್ಕೆ ನಾನು ಇದನ್ನೇ ಹೇಳುವುದು. ಎರಡನೇ ವರ್ಷ ಅದೇ ಕಾರನ್ನು ಜಿಟಿ ಅಮೆರಿಕಕ್ಕೆ ಒಬ್ಬರೇ ತಗೊಂಡು ಹೋಗಿ.

ಮಾರುವ ವಿಷಯದಲ್ಲೂ ಜಿಟಿ4 ಗಟ್ಟಿ. ಇಮ್ಸಾದ ಪೈಲಟ್ ಚಾಲೆಂಜ್‌ನ ಜಿಎಸ್ ಕ್ಲಾಸಿನಲ್ಲಿ ಓಡುವುದು ಇವೇ ಕಾರುಗಳು. ಕೊಳ್ಳುವವರಿಗೆ ಬರ ಇಲ್ಲ.

ಜಿಟಿ2: ಗೊತ್ತಿದ್ದು ಕೊಳ್ಳುವವರಿಗೆ

ಜಿಟಿ3 ಪ್ರೊಗಳ ಕೈಗೆ ಹೋಯಿತು, ಹವ್ಯಾಸಿಗಳಿಗೆ ಕಷ್ಟ ಆಯಿತು ಅಂತ ಎಸ್‌ಆರ್‌ಒ 2018ರಲ್ಲಿ ಈ ಕ್ಲಾಸನ್ನು ಘೋಷಿಸಿತು. ಯೋಚನೆ ಸರಳ: ಎಂಜಿನ್ ಜಾಸ್ತಿ, ರೆಕ್ಕೆ ಕಮ್ಮಿ. ಆಡಿ ಆರ್8 ಜಿಟಿ2 640 ಎಚ್‌ಪಿ, ಪೋರ್ಶೆ 911 ಜಿಟಿ2 ಆರ್‌ಎಸ್ ಕ್ಲಬ್‌ಸ್ಪೋರ್ಟ್ 700, ಮರ್ಸಿಡಿಸ್-ಎಎಂಜಿ ಜಿಟಿ2 700ರ ಮೇಲೆ. ಸ್ಟ್ರೇಟ್‌ನಲ್ಲಿ ಎಲ್ಲರನ್ನೂ ಬಿಟ್ಟು ಹೋಗುವ ಖುಷಿ. ಲ್ಯಾಪ್ ಟೈಮ್ ತೆಗೆಯಲು ವೇಗದ ತಿರುವಿನಲ್ಲಿ ಪ್ರಾಣ ಪಣಕ್ಕಿಡಬೇಕಾಗಿಲ್ಲ.

ಯೋಚನೆ ಚೆನ್ನಾಗಿದೆ. ಆದರೆ ಬೇರೆ ಕ್ಲಾಸ್‌ಗಳ ಜೊತೆ ಬಿಟ್ಟಾಗ ಒಂದು ತಮಾಷೆ ಆಗುತ್ತದೆ. ರೋಡ್ ಅಮೆರಿಕ ತರಹದ ಉದ್ದ ಟ್ರ್ಯಾಕ್ ತಗೊಳ್ಳಿ, ಲ್ಯಾಪಿಗೆ ಆರೂವರೆ ಕಿಲೋಮೀಟರ್, ಮೂರು ದೊಡ್ಡ ಸ್ಟ್ರೇಟ್. ಕ್ಯಾರೊಸೆಲ್ ಅನ್ನುವ ಉದ್ದ ಬಲತಿರುವಿನಲ್ಲಿ ಜಿಟಿ3 ಕಾರು ಜಿಟಿ2ರ ಬಂಪರಿಗೆ ಅಂಟಿಕೊಂಡು ಬರುತ್ತದೆ. ಮುಂದಿನ ಸ್ಟ್ರೇಟ್ ಬಂತೋ, ಜಿಟಿ2 ಕಾರು ದೂರ ಹೋಯಿತು. ಬ್ರೇಕ್ ಹಾಕುವಾಗ ಮತ್ತೆ ಹತ್ತಿರ. ಜಿಟಿ3ನವನಿಗೆ ಹಿಂದೆ ಹಾಕಲು ಜಾಗ ಸಿಗುವುದಿಲ್ಲ, ಜಿಟಿ2ನವನಿಗೆ ಬಿಟ್ಟುಕೊಡುವ ಕಾರಣ ಕಾಣುವುದಿಲ್ಲ. ಇಬ್ಬರೂ ಬೇರೆ ಬೇರೆ ಕ್ಲಾಸ್, ಇಬ್ಬರಿಗೂ ಇದರಿಂದ ಒಂದು ಪಾಯಿಂಟೂ ಇಲ್ಲ. ಆದರೂ ಬಡಿದಾಡುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅಮೆರಿಕದಲ್ಲಿ ಜಿಟಿ2 ಕಾರುಗಳು ಕಮ್ಮಿ. ಕ್ಲಾಸಿನಲ್ಲಿ ಎರಡು ಮೂರೇ ಕಾರು ಬಂದರೆ ಪೋಡಿಯಂ ಸಿಗುತ್ತದೆ, ರೇಸ್ ಸಿಗುವುದಿಲ್ಲ. ಇಮ್ಸಾದಲ್ಲಿ ಇದಕ್ಕೆ ಜಾಗ ಇಲ್ಲ, ಹಾಗಾಗಿ ಮಾರುವಾಗ ಕೊಳ್ಳುವವರು ಬೆರಳೆಣಿಕೆ. ಮಳೆ ಬಂದರಂತೂ ಅಷ್ಟು ಎಚ್‌ಪಿ ಹೊರೆಯೇ. ಐವತ್ತು ದಾಟಿದೆ, ದುಡ್ಡಿನ ಚಿಂತೆ ಇಲ್ಲ, ವರ್ಷಕ್ಕೆ ಕೆಲವೇ ದಿನ ಸಿಗುತ್ತದೆ, ಟ್ರೋಫಿಗಿಂತ ಸ್ಟ್ರೇಟ್‌ನಲ್ಲಿ ಬೆನ್ನು ಸೀಟಿಗೆ ಒತ್ತುವುದು ಮುಖ್ಯ ಅನ್ನುವವರಿಗೆ ಜಿಟಿ2ರಷ್ಟು ಒಳ್ಳೆ ಕಾರಿಲ್ಲ. ಉಳಿದವರು ಬಿಡಿ.

ಟಿಸಿಎಕ್ಸ್, ಟಿಸಿ, ಟಿಸಿಎ: ಕೀಳಾಗಿ ನೋಡಬೇಡಿ

ಇವು ಬೇರೆ ಗ್ರಿಡ್. ಇಲ್ಲಿಯೂ ಮೂರು ಕ್ಲಾಸ್ ಒಟ್ಟಿಗೆ ಓಡುತ್ತವೆ. ಮೇಲಿನದು ಟಿಸಿಎಕ್ಸ್, ಅದರ ಪರಿಚಿತ ಮುಖ ಬಿಎಂಡಬ್ಲ್ಯೂ ಎಂ2 ಸಿಎಸ್ ರೇಸಿಂಗ್. ಬಿಡುಗಡೆಯಾದಾಗ ತೆರಿಗೆ ಬಿಟ್ಟು 95,000 ಯೂರೋ. ಹಿಂದಿನ ಚಕ್ರಕ್ಕೆ ಶಕ್ತಿ, ಕಂಪನಿಯೇ ರೇಸಿಗೆ ಅಂತ ಕಟ್ಟಿಕೊಟ್ಟದ್ದು. ಮುಂದೆ ಜಿಟಿ4ಗೆ ಹೋಗುವ ಯೋಚನೆ ಇದ್ದರೆ ಇದು ನೇರ ಮೆಟ್ಟಿಲು, ಕೈಗೆ ಸಿಗುವ ಭಾವ ಹತ್ತಿರ ಹತ್ತಿರ ಅದೇ.

ಟಿಸಿ, ಟಿಸಿಎಗಳಲ್ಲಿ ಹೋಂಡಾ, ಹ್ಯುಂಡೈನಂಥ ಮುಂದಿನ ಚಕ್ರ ಎಳೆಯುವ ಕಾರುಗಳು ಜಾಸ್ತಿ. ಟಿಸಿಎನಲ್ಲಿ ಹೋಂಡಾ ಸಿವಿಕ್ ಎಸ್‌ಐ, ಸುಬಾರು ಬಿಆರ್‌ಝಡ್ ಮಟ್ಟದ ಕಾರುಗಳು. ಎಂಜಿನ್ ಹೆಚ್ಚುಕಮ್ಮಿ ಶೋರೂಮಿನದೇ. ಶಕ್ತಿ ಕಮ್ಮಿ ಇರುವುದೇ ಇದರ ಗುಣ. ತಿರುವಿನಲ್ಲಿ ಗಂಟೆಗೆ ಎರಡು ಕಿಲೋಮೀಟರ್ ಕಳಕೊಂಡರೆ ಮುಂದಿನ ಸ್ಟ್ರೇಟ್ ಪೂರ್ತಿ ಅದನ್ನೇ ಅನುಭವಿಸಬೇಕು, ಎಂಜಿನ್ ಬಂದು ಕಾಪಾಡುವುದಿಲ್ಲ. ಇನ್ನೊಬ್ಬರ ಹಿಂದೆ ಗಾಳಿಯ ಮರೆಯಲ್ಲಿ ಹೋಗುವುದು, ಯಾವಾಗ ಹೊರಬರಬೇಕು ಅಂತ ಕಾಯುವುದು, ರೇಸ್‌ಕ್ರಾಫ್ಟ್ ಅನ್ನುವ ವಿದ್ಯೆ ಪೂರ್ತಿ ಇಲ್ಲೇ ಕಲಿಯಬಹುದು. ಮುಂದಿನ ಚಕ್ರದ ಕಾರಾದರೆ ಟೈರು ಕಾಯುವುದನ್ನೂ ಕಲಿಯುತ್ತೀರಿ. ಎಳೆಯುವುದು, ತಿರುಗಿಸುವುದು, ಬ್ರೇಕಿನ ದೊಡ್ಡ ಪಾಲು ಎಲ್ಲ ಆ ಎರಡೇ ಟೈರಿನ ಮೇಲೆ. ಮೊದಲ ಹತ್ತು ನಿಮಿಷ ಮೆರೆದವರು ಕೊನೆಯ ಹತ್ತು ನಿಮಿಷ ನೇರ ಹೊರಗೆ ಜಾರುತ್ತಾರೆ.

ಕೊರತೆ ಏನು? ರೆಕ್ಕೆಯ ಪಾಠ ಇಲ್ಲಿ ಸಿಗುವುದಿಲ್ಲ. ಟಿಸಿಎ ಕಾರು ಬೇರೆ ಕಡೆ ಅಷ್ಟಾಗಿ ನಡೆಯುವುದಿಲ್ಲ, ಕ್ಲಬ್ ರೇಸ್‌ನವರಿಗೆ ಮಾರಬೇಕು. ಪ್ರಾಯೋಜಕರನ್ನು ಹುಡುಕುವವರಿಗೆ ಜಿಟಿ ಅನ್ನುವ ಹೆಸರಿಗಿರುವ ತೂಕ ಇದಕ್ಕಿಲ್ಲ. ಆದರೆ ಇಪ್ಪತ್ತರ ಹುಡುಗ, ಹುಡುಗಿ, ಮನೆಯವರು ಕಷ್ಟಪಟ್ಟು ಒಂದು ಸೀಸನ್ನಿಗೆ ದುಡ್ಡು ಹೊಂದಿಸಿದ್ದಾರೆ ಅಂದರೆ, ಜಿಟಿ4ನಲ್ಲಿ ಅರ್ಧ ಸೀಸನ್ ಮಾಡುವುದಕ್ಕಿಂತ ಟಿಸಿಎನಲ್ಲಿ ಪೂರ್ತಿ ಸೀಸನ್ ಮಾಡಿ ಮುಂದೆ ನಿಲ್ಲುವುದೇ ಮೇಲು. ತಂಡದವರು ನೋಡುವುದು ರೇಸ್ ಗೆಲ್ಲಲು ಬರುತ್ತಾ ಅಂತ.

ಟ್ರಾಫಿಕ್ ಲೆಕ್ಕ

ಒಂದು ಅಂದಾಜು ಲೆಕ್ಕ ಹಾಕೋಣ. ಜಿಟಿ3 ಲ್ಯಾಪಿಗೆ 1 ನಿಮಿಷ 45 ಸೆಕೆಂಡ್, ಜಿಟಿ4 ಅದಕ್ಕಿಂತ 10 ಸೆಕೆಂಡ್ ನಿಧಾನ ಅಂತ ಇಟ್ಟುಕೊಳ್ಳಿ. ಸುಮಾರು 20ನೇ ನಿಮಿಷಕ್ಕೆ ಮುಂದಿರುವ ಜಿಟಿ3 ಒಂದು ಸುತ್ತು ಪೂರ್ತಿ ಮುಂದಾಗಿ ಬಂದು ನಿಮ್ಮನ್ನು ಮೊದಲ ಸಲ ದಾಟುತ್ತದೆ. ರೇಸ್ ಮುಗಿಯುವಷ್ಟರಲ್ಲಿ ಇನ್ನೊಮ್ಮೆ ಬೆನ್ನಿಗೆ ಬಂದಿರುತ್ತದೆ. ಅದೊಂದೇ ಅಲ್ಲ, ಅದರ ಹಿಂದೆ ಇಡೀ ಸಾಲು. ನಡುವೆ ಹಳದಿ ಬಾವುಟ ಬಂದು ಎಲ್ಲರನ್ನೂ ಸೇಫ್ಟಿ ಕಾರಿನ ಹಿಂದೆ ಗುಂಪು ಮಾಡಿದರೆ ಈ ಲೆಕ್ಕವೆಲ್ಲ ಅಳಿಸಿ ಮತ್ತೆ ಶುರು. ಗಡಿಯಾರ ಮಾತ್ರ ನಿಲ್ಲುವುದಿಲ್ಲ, 40ರಲ್ಲಿ ಎಂಟು ಹತ್ತು ನಿಮಿಷ ಅಲ್ಲೇ ಹೋಗಬಹುದು.

ವರ್ಜೀನಿಯಾದ ವಿಐಆರ್ ಟ್ರ್ಯಾಕಿನಲ್ಲಿ ಗುಡ್ಡ ಹತ್ತುವ ಎಸ್ ತಿರುವುಗಳಿವೆ. ಎಡಕ್ಕೂ ಬಲಕ್ಕೂ ಹೊರಳುತ್ತಾ ಏರುತ್ತಾ ಹೋಗುತ್ತದೆ. ಜಿಟಿ3 ಅಲ್ಲಿ ಹೆಚ್ಚುಕಮ್ಮಿ ಪೂರ್ತಿ ಥ್ರಾಟಲ್‌ನಲ್ಲೇ ಹೋಗುತ್ತದೆ. ಜಿಟಿ4ನವರು ಕಾಲು ಎತ್ತಲೇಬೇಕು. ಒಳಗೆ ಹೋಗುವಾಗ ಕನ್ನಡಿಯಲ್ಲಿ ಚುಕ್ಕೆಯಷ್ಟಿದ್ದ ಹೆಡ್‌ಲೈಟ್ ನಡುವೆ ಬರುವಷ್ಟರಲ್ಲಿ ಕನ್ನಡಿ ತುಂಬ ಆಗಿರುತ್ತದೆ. ಅಲ್ಲಿ ಒಂದೇ ಗೆರೆ, ಪಕ್ಕಕ್ಕೆ ಸರಿದರೆ ಹುಲ್ಲು. ಸರಿಯುವ ಗೋಜಿಗೆ ಹೋಗಬೇಡಿ. ನಿಮ್ಮ ಗೆರೆ ನೀವು ಹಿಡಿದುಕೊಂಡು ಹೋಗಿ, ಸುರಕ್ಷಿತವಾಗಿ ಹಿಂದೆ ಹಾಕುವ ಜವಾಬ್ದಾರಿ ವೇಗದ ಕಾರಿನದು. ಓಕ್ ಟ್ರೀ ತಿರುವು ದಾಟಿ ಉದ್ದ ಸ್ಟ್ರೇಟ್ ಬಂದಾಗ ಒಂದು ಕೂದಲೆಳೆ ಥ್ರಾಟಲ್ ಬಿಟ್ಟರೆ ಅವನು ಹೋಗುತ್ತಾನೆ, ನಿಮಗೆ ನಷ್ಟ ಅತಿ ಕಮ್ಮಿ. ನಿಮ್ಮ ಜೊತೆ ಕಾದಾಡುತ್ತಿರುವ ಇನ್ನೊಂದು ಜಿಟಿ4 ಹಿಂದೆ ಇದ್ದರೆ ಇನ್ನೂ ಚೆನ್ನ. ಆ ಜಿಟಿ3 ಎಸ್‌ಗಳ ನಡುವೆ ಅವನನ್ನು ಹಿಡಿದು, ಆಮೇಲೆ ನಿಮ್ಮನ್ನು ಸ್ಟ್ರೇಟ್‌ನಲ್ಲಿ ದಾಟಿದರೆ ನಿಮಗೆ ಒಂದು ಸೆಕೆಂಡ್ ಪುಕ್ಕಟೆ. ಈ ಆಟದಲ್ಲಿ ಮಜಾ ಕಾಣುವವರು ನಿಧಾನದ ಕ್ಲಾಸಿನಲ್ಲಿ ಖುಷಿಯಾಗಿ ಇರುತ್ತಾರೆ. ಕನ್ನಡಿ ನೋಡಿದರೆ ಕೈ ಬಿಗಿಯುವವರು ಎಲ್ಲರೂ ಒಂದೇ ಕ್ಲಾಸ್ ಇರುವ ಗ್ರಿಡ್ ನೋಡಿಕೊಳ್ಳಿ.

ಜಿಟಿ3 ಕೊಂಡರೆ ಟ್ರಾಫಿಕ್ ತಲೆನೋವಿಲ್ಲ ಅಂದುಕೊಳ್ಳಬೇಡಿ. ಹಿಂದೆ ಹಾಕುವವನೇ ನಿರ್ಧಾರ ಮಾಡಬೇಕು, ಅದೂ ಅರೆಕ್ಷಣದಲ್ಲಿ. ಅನುಭವ ಕಮ್ಮಿ ಇದ್ದವರು ತಿರುವಿನ ಬಾಯಲ್ಲಿ ಮೂತಿ ತೂರಿಸಿ, ಎರಡು ಕಾರು ಕೆಡಿಸಿ ಬರುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಕ್ಲಬ್ ರೇಸ್ ಮಾಡಿದ್ದೀರಿ, ವರ್ಷಕ್ಕೆ ಹದಿನೈದು ಇಪ್ಪತ್ತು ದಿನ ಬಿಡುವಿದೆ, ದುಡ್ಡಿದೆ ಆದರೆ ಚೆಲ್ಲುವಷ್ಟಿಲ್ಲ ಅಂದರೆ ಜಿಟಿ4. ಯೋಚನೆಯೇ ಬೇಡ. ಜಿಟಿ4ನಲ್ಲಿ ಒಂದೆರಡು ವರ್ಷ ಕಳೆದು ನಿಮ್ಮ ಕ್ಲಾಸಿನಲ್ಲಿ ಮೊದಲ ಮೂರರಲ್ಲಿ ನಿಲ್ಲುತ್ತಿದ್ದೀರಿ, ಕೋಚ್ ಇದ್ದಾರೆ, ಟೆಸ್ಟಿಗೆ ಬೇರೆ ಬಜೆಟ್ ಇದೆ ಅಂದರೆ ಜಿಟಿ3ಕ್ಕೆ ಹೋಗಿ. ಟೆಸ್ಟಿಗೆ ದುಡ್ಡಿಲ್ಲದೆ ಬರೀ ರೇಸ್ ವೀಕೆಂಡಿಗೆ ಜಿಟಿ3 ಓಡಿಸುತ್ತೇನೆ ಅಂದರೆ ನಾನು ಬೇಡ ಅನ್ನುತ್ತೇನೆ. ಅದೇ ದುಡ್ಡಿಗೆ ಜಿಟಿ4ನಲ್ಲಿ ದುಪ್ಪಟ್ಟು ಓಡಿಸಬಹುದು.

ಇದೇ ವೃತ್ತಿ ಮಾಡಿಕೊಳ್ಳಬೇಕು ಅನ್ನುವ ಚಿಕ್ಕ ವಯಸ್ಸಿನವರಿಗೆ ಇನ್ನೊಂದು ವಿಷಯ. ಎಫ್‌ಐಎ (ಮೋಟಾರ್ ರೇಸಿಂಗ್‌ನ ಜಾಗತಿಕ ಸಂಸ್ಥೆ) ಡ್ರೈವರ್‌ಗಳನ್ನು ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ವಿಂಗಡಿಸುತ್ತದೆ. ತಡವಾಗಿ ರೇಸಿಂಗ್‌ಗೆ ಬಂದ ಹವ್ಯಾಸಿಗಳು ಸಾಮಾನ್ಯವಾಗಿ ಬ್ರಾಂಜ್, ಹುಡುಗರು ಸಾಮಾನ್ಯವಾಗಿ ಸಿಲ್ವರ್. ಜಿಟಿ ಅಮೆರಿಕ ಮುಖ್ಯವಾಗಿ ಬ್ರಾಂಜ್‌ನವರ ಅಂಗಳ. ನೀವು ಸಿಲ್ವರ್ ಆಗಿದ್ದರೆ ನಿಮಗೆ ಬೇಕಾದದ್ದು ಟಿಸಿ ಅಮೆರಿಕ, ಅಲ್ಲಿಂದ ಜಿಟಿ4 ಅಮೆರಿಕದ ಸಿಲ್ವರ್ ವಿಭಾಗ.

ಇನ್ನೂ ತಲೆ ತಿರುಗುತ್ತಿದ್ದರೆ ಒಂದು ಅಗ್ಗದ ದಾರಿ ಇದೆ. ಅಸೆಟೊ ಕೋರ್ಸ ಕಾಂಪೆಟಿಝಿಯೋನೆ ಅನ್ನುವ ಕಂಪ್ಯೂಟರ್ ರೇಸಿಂಗ್ ಸಿಮ್ಯುಲೇಟರ್‌ನಲ್ಲಿ ಜಿಟಿ3, ಜಿಟಿ4, ಜಿಟಿ2, ಎಂ2 ಸಿಎಸ್ ರೇಸಿಂಗ್ ನಾಲ್ಕೂ ಇವೆ, ಕೆಲವನ್ನು ಬೇರೆ ಪ್ಯಾಕಾಗಿ ಕೊಳ್ಳಬೇಕು. ಒಂದೇ ಟ್ರ್ಯಾಕಿನಲ್ಲಿ ಒಂದೊಂದು ಕಾರಿಗೂ 40 ನಿಮಿಷ ಕೊಡಿ. ಅತಿ ವೇಗದ ಲ್ಯಾಪ್ ಎಷ್ಟು ಅಂತ ನೋಡಬೇಡಿ. ಕೊನೆಯ ಹತ್ತು ಲ್ಯಾಪ್‌ಗಳ ನಡುವೆ ಎಷ್ಟು ಏರುಪೇರು ಇದೆ ಅಂತ ನೋಡಿ. ಯಾವ ಕಾರಿನಲ್ಲಿ ಅದು ಅತಿ ಕಮ್ಮಿ ಇದೆಯೋ ಅಲ್ಲಿಂದ ಯೋಚನೆ ಶುರು ಮಾಡಿ. ಆಮೇಲೆ ನಿಜವಾದ ಕಾರನ್ನು ಒಂದು ದಿನ ಬಾಡಿಗೆಗೆ ತಗೊಳ್ಳಿ. ಬಾಡಿಗೆ ಜಾಸ್ತಿ ಅನಿಸಬಹುದು, ತಪ್ಪು ಕಾರು ಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಕೊನೆಗೆ, ಯಾವುದೇ ತಂಡದ ಜೊತೆ ಸಹಿ ಹಾಕುವ ಮುಂಚೆ ಕೂತು ಕೇಳಬೇಕಾದದ್ದು. ವೀಕೆಂಡಿಗೆ ಇಷ್ಟು ಅಂತ ಹೇಳಿದ ದುಡ್ಡಿನಲ್ಲಿ ಎಷ್ಟು ಸೆಟ್ ಟೈರು ಸೇರಿದೆ? ಎಂಜಿನ್, ಗೇರ್‌ಬಾಕ್ಸ್‌ನ ಗಂಟೆ ಲೆಕ್ಕ ಒಳಗಾ, ಹೊರಗಾ? ಈ ಕಾರಿನ ಎಂಜಿನ್ ಈಗ ಎಷ್ಟು ಗಂಟೆ ಓಡಿದೆ? ಕಂಪನಿಯ ಬಿಡಿಭಾಗದ ಲಾರಿ ಎಲ್ಲ ರೇಸಿಗೂ ಬರುತ್ತಾ? ಶನಿವಾರ ಗುದ್ದಿದರೆ ಭಾನುವಾರದ ರೇಸಿಗೆ ಕಾರು ನಿಲ್ಲಿಸುವಷ್ಟು ಸಾಮಾನು ನಿಮ್ಮ ಹತ್ತಿರವೇ ಇದೆಯಾ? ಲಾಂಗ್ ಬೀಚ್‌ನಂಥ ಬೀದಿ ಟ್ರ್ಯಾಕಿಗೆ ಹೋಗುವ ವರ್ಷವಾದರೆ ಇನ್ನೂ ಒತ್ತಿ ಕೇಳಿ, ಅಲ್ಲಿ ತಪ್ಪಿದರೆ ಸಿಗುವುದು ಕಾಂಕ್ರೀಟ್ ಗೋಡೆ. ಜಖಂ ಆದರೆ ಎಷ್ಟರವರೆಗೆ ನಿಮ್ಮ ಪಾಲು, ಅದರ ಮೇಲೆ ವಿಮೆ ಇದೆಯಾ, ಇನ್ನೊಬ್ಬರು ಬಂದು ಗುದ್ದಿದರೂ ನೀವೇ ಕಟ್ಟಬೇಕಾ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬಹುಪಾಲು ಕಡೆ ನೀವೇ ಕಟ್ಟಬೇಕು.